ಮೊಬೈಲ್ ಜಿಪಿಎಸ್ ಜಮೀನಿನ ಗಡಿಯನ್ನು ಇಂಚು ತಪ್ಪದೆ ತೋರಿಸುತ್ತದೆಯೇ?

“ಇನ್ನು ಸರ್ವೆಯರ್‌ಗಾಗಿ ಕಾಯಬೇಕಿಲ್ಲ. ಈ ಆಪ್ ಹಾಕಿಕೊಂಡು ಹೊಲದಲ್ಲಿ ನಿಂತರೆ ಸಾಕು, ನಿಮ್ಮ ಗಡಿ ಇಂಚು ತಪ್ಪದೆ ಗೊತ್ತಾಗುತ್ತದೆ. ಎಲ್ಲ ರೈತರಿಗೂ ತಲುಪಿಸಿ.”

ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಜೊತೆಗೆ ಒಂದು ಸ್ಕ್ರೀನ್‌ಶಾಟ್: ಸರ್ವೆ ನಂಬರುಗಳ ಗೆರೆ, ಅದರ ಮೇಲೊಂದು ನೀಲಿ ಚುಕ್ಕೆ. ನೋಡಿದವರು ತಮ್ಮ ಬದುವಿನ ಮೇಲೆ ಹೋಗಿ ನಿಲ್ಲುತ್ತಾರೆ. ಚುಕ್ಕೆ ಗೆರೆಯಿಂದ ಎರಡು ಮಾರು ಒಳಗೆ ಕಾಣಿಸುತ್ತದೆ. “ಅಂದರೆ ಪಕ್ಕದವರು ಇಷ್ಟು ಒತ್ತುವರಿ ಮಾಡಿದ್ದಾರೆ” ಎಂಬ ತೀರ್ಮಾನಕ್ಕೆ ಬರಲು ಆಮೇಲೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ತಲೆಮಾರುಗಳಿಂದ ನೀರು, ದಾರಿ ಹಂಚಿಕೊಂಡ ಮನೆಗಳು ಮಾತು ಬಿಡಲು ಇಷ್ಟು ಸಾಕು.

ಹಾಗಾದರೆ ಆ ಚುಕ್ಕೆಯನ್ನು ಎಷ್ಟು ನಂಬಬಹುದು? ಉಪಗ್ರಹದಿಂದ ಸೆಂಟಿಮೀಟರ್ ಮಟ್ಟದ ಅಳತೆ ಸಿಗುವುದು ನಿಜವೇ? ಸಿಗುವುದಾದರೆ ಅದಕ್ಕೆ ಏನೇನು ಬೇಕು? ಒಂದೊಂದಾಗಿ ನೋಡೋಣ.

ಚುಟುಕು ಉತ್ತರ

ಮೊಬೈಲ್ ಒಂದರಿಂದಲೇ ಸೆಂಟಿಮೀಟರ್ ನಿಖರತೆ ಸಿಗುತ್ತದೆ ಎಂಬುದು ತಪ್ಪು. ಉಪಗ್ರಹಗಳ ನೆರವಿನಿಂದ ಸೆಂಟಿಮೀಟರ್ ನಿಖರತೆ ಸಿಗುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಬೇರೆ ರಿಸೀವರ್ ಬೇಕು, ಒಳ್ಳೆಯ ಆಂಟೆನಾ ಬೇಕು, ಕ್ಷಣಕ್ಷಣಕ್ಕೂ ಬರುವ ತಿದ್ದುಪಡಿ ಮಾಹಿತಿ ಬೇಕು. ಇಷ್ಟೆಲ್ಲ ಇದ್ದಾಗಲೂ ಯಂತ್ರ ಹೇಳುವುದು ನೀವು ಎಲ್ಲಿ ನಿಂತಿದ್ದೀರಿ ಎಂಬುದನ್ನು ಮಾತ್ರ. ನಿಮ್ಮ ಗಡಿ ಎಲ್ಲಿದೆ ಎಂಬುದನ್ನು ದಾಖಲೆ ಹೇಳಬೇಕು.

ಮೊಬೈಲ್ ಎಷ್ಟು ತಪ್ಪುತ್ತದೆ?

ಜಿಪಿಎಸ್ ಉಪಗ್ರಹಗಳು ನಮ್ಮಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಹೊರಟ ರೇಡಿಯೊ ಸಂಕೇತ ನಮ್ಮನ್ನು ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ಜಾಗ ಗೊತ್ತಾಗುತ್ತದೆ. ಸಂಕೇತದ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಹೀಗಾಗಿ ಸಮಯದ ಲೆಕ್ಕ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೂ ದೂರ 30 ಸೆಂಟಿಮೀಟರ್ ತಪ್ಪುತ್ತದೆ.

ತಪ್ಪು ನುಸುಳುವ ಜಾಗಗಳು ಹಲವು. ಉಪಗ್ರಹದ ಗಡಿಯಾರ ಮತ್ತು ಕಕ್ಷೆಯ ಮಾಹಿತಿಯಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ವಾತಾವರಣದ ಮೇಲಿರುವ ಅಯಾನುಗೋಳ ಸಂಕೇತವನ್ನು ತಡಮಾಡುತ್ತದೆ. ದಕ್ಷಿಣ ಭಾರತ ಭೂಮಿಯ ಕಾಂತೀಯ ಸಮಭಾಜಕ ರೇಖೆಗೆ ಹತ್ತಿರ ಇರುವುದರಿಂದ ಈ ತೊಂದರೆ ನಮ್ಮಲ್ಲಿ ಹೆಚ್ಚು. ಇವೆಲ್ಲಕ್ಕಿಂತ ಕಿರಿಕಿರಿಯದು ಪ್ರತಿಫಲನ. ತಗಡಿನ ಶೆಡ್ಡು, ಗೋಡೆ, ಒದ್ದೆ ಎಲೆಗಳಿಗೆ ಬಡಿದು ಸುತ್ತಿ ಬಂದ ಸಂಕೇತವನ್ನೂ ಫೋನು ನೇರವಾಗಿ ಬಂದದ್ದೆಂದೇ ತಿಳಿಯುತ್ತದೆ. ಫೋನಿನೊಳಗಿನ ಆಂಟೆನಾ ಪುಟ್ಟದು. ಇಂಥ ಸುತ್ತು ಸಂಕೇತಗಳನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ.

ಈ ಎಲ್ಲದರ ಫಲವಾಗಿ, ಬಯಲಿನಲ್ಲಿ ನಿಂತರೂ ಸ್ಮಾರ್ಟ್‌ಫೋನಿನ ನಿಖರತೆ ಸಾಮಾನ್ಯವಾಗಿ 5 ಮೀಟರ್ ಆಸುಪಾಸು. ಮರ, ಕಟ್ಟಡಗಳ ನಡುವೆ ಇನ್ನೂ ಕೆಡುತ್ತದೆ.

5 ಮೀಟರ್ ಎಂದರೆ ಎಷ್ಟು? ನಮ್ಮ ಗುಂಟೆ 33 ಅಡಿಗೆ 33 ಅಡಿ. ಅಂದರೆ ಒಂದು ಬದಿ ಸುಮಾರು 10 ಮೀಟರ್. ಫೋನಿನ ತಪ್ಪು ಗುಂಟೆಯ ಅರ್ಧ ಅಗಲದಷ್ಟಾಯಿತು. 100 ಮೀಟರ್ ಉದ್ದದ ಬದುವನ್ನು 5 ಮೀಟರ್ ಆಚೆ ಸರಿಸಿ ತೋರಿಸಿದರೆ ಸುಮಾರು 5 ಗುಂಟೆ ನೆಲ ಒಬ್ಬರಿಂದ ಇನ್ನೊಬ್ಬರಿಗೆ ಹೋದಂತೆ ಕಾಣುತ್ತದೆ. ನೆಲ ಇದ್ದಲ್ಲೇ ಇರುತ್ತದೆ, ಕದಲಿದ್ದು ಚುಕ್ಕೆ ಮಾತ್ರ.

ಆದರೆ ಆಪ್ ಏಳು ದಶಮಾಂಶ ತೋರಿಸುತ್ತದಲ್ಲ?

ಅಕ್ಷಾಂಶದಲ್ಲಿ ದಶಮಾಂಶದ ಐದನೇ ಸ್ಥಾನದ ಬೆಲೆ ಸುಮಾರು 1.1 ಮೀಟರ್. ಏಳನೇ ಸ್ಥಾನದ್ದು ಸುಮಾರು 1.1 ಸೆಂಟಿಮೀಟರ್. ಆಪ್ 13.1234567 ಎಂದು ತೋರಿಸಿದ ಕೂಡಲೇ ಸೆಂಟಿಮೀಟರ್ ಮಟ್ಟಕ್ಕೆ ಅಳೆದಿದೆ ಎಂದಲ್ಲ. 10 ಭಾಗಿಸು 3 ಎಂದು ಕ್ಯಾಲ್ಕುಲೇಟರ್‌ಗೆ ಕೊಟ್ಟರೆ ತೆರೆ ತುಂಬ ಮೂರು ಬರುತ್ತದೆ. ಅಂಕಿ ಬರೆಯಲು ಯಂತ್ರಕ್ಕೆ ಖರ್ಚಿಲ್ಲ.

ನೋಡಬೇಕಾದದ್ದು ಚುಕ್ಕೆಯ ಸುತ್ತಲಿನ ತಿಳಿ ವೃತ್ತವನ್ನು. ಆಂಡ್ರಾಯ್ಡ್‌ನಲ್ಲಿ ಆ ವೃತ್ತದ ಅರ್ಥ, ನೀವು ಅದರೊಳಗೆ ಇರುವ ಸಾಧ್ಯತೆ ಶೇ 68 ಎಂದು. ಅಂದರೆ ಮೂರು ಸಲ ನೋಡಿದರೆ ಒಂದು ಸಲ ನೀವು ವೃತ್ತದ ಹೊರಗೇ ಇರಬಹುದು. ಇದನ್ನು ನೀವೇ ಪರೀಕ್ಷಿಸಬಹುದು. ಮನೆಯಂಗಳದ ಒಂದು ಕಲ್ಲಿನ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಫೋನಿಟ್ಟು ಅಂಕಿ ಬರೆದುಕೊಳ್ಳಿ. ಕಲ್ಲು ಕದಲಿರುವುದಿಲ್ಲ, ಅಂಕಿ ಕದಲಿರುತ್ತದೆ.

ತಿದ್ದುಪಡಿ ಎಂದರೇನು?

ಅಂಗಡಿಯ ತಕ್ಕಡಿ ಸರಿಯಿಲ್ಲ ಎಂಬ ಅನುಮಾನ ಬಂದರೆ ಏನು ಮಾಡುತ್ತೇವೆ? ಒಂದು ಕಿಲೋ ಎಂದು ಖಚಿತವಾಗಿ ಗೊತ್ತಿರುವ ಬಟ್ಟನ್ನು ಇಟ್ಟು ನೋಡುತ್ತೇವೆ. ತಕ್ಕಡಿ 1,050 ಗ್ರಾಂ ತೋರಿಸಿದರೆ 50 ಗ್ರಾಂ ಹೆಚ್ಚು ತೋರುತ್ತಿದೆ ಎಂದು ತಿಳಿಯುತ್ತದೆ. ಮುಂದೆ ತೂಗಿದ್ದರಲ್ಲಿ ಅಷ್ಟನ್ನು ಕಳೆಯಬಹುದು.

ಉಪಗ್ರಹದ ಅಳತೆಯಲ್ಲಿ ಆ ಬಟ್ಟಿನ ಕೆಲಸ ಮಾಡುವುದು ಬೇಸ್ ಸ್ಟೇಷನ್. ತಾನಿರುವ ಜಾಗ ನಿಖರವಾಗಿ ಗೊತ್ತಿರುವ ಒಂದು ರಿಸೀವರ್ ಅದು. ಅದು ಹಗಲೂ ರಾತ್ರಿ ಉಪಗ್ರಹಗಳನ್ನು ಕೇಳುತ್ತಾ, ಅಳತೆ ಎಷ್ಟು ಬರಬೇಕಿತ್ತು, ಎಷ್ಟು ಬಂತು ಎಂಬ ಲೆಕ್ಕಕ್ಕೆ ಬೇಕಾದ ಮಾಹಿತಿಯನ್ನು ಕಳಿಸುತ್ತಿರುತ್ತದೆ. ಹತ್ತಿರದ ಹೊಲದಲ್ಲಿರುವ ನಿಮ್ಮ ರಿಸೀವರ್‌ಗೂ ಹೆಚ್ಚುಕಮ್ಮಿ ಅದೇ ಆಕಾಶ, ಅದೇ ಅಯಾನುಗೋಳ, ಅದೇ ತಪ್ಪು. ಬೇಸ್ ಕಳಿಸಿದ ಮಾಹಿತಿಯಿಂದ ಆ ತಪ್ಪನ್ನು ಕಳೆದುಹಾಕಬಹುದು. ಹೊಲದಲ್ಲಿ ಓಡಾಡುವ ರಿಸೀವರ್‌ಗೆ ರೋವರ್ ಎಂದು ಹೆಸರು.

ಇಷ್ಟರಿಂದ ಸಿಗುವುದು ಮೀಟರ್ ಆಸುಪಾಸಿನ ನಿಖರತೆ. ಸೆಂಟಿಮೀಟರ್‌ಗೆ ಇಳಿಯಲು ಇನ್ನೊಂದು ಹೆಜ್ಜೆ ಬೇಕು. ಸಾಮಾನ್ಯ ಫೋನು ಸಂಕೇತದಲ್ಲಿ ಅಡಕವಾದ ಕೋಡನ್ನು ಓದಿ ಜಾಗ ಹೇಳುತ್ತದೆ. ರೋವರ್ ಅದರ ಜೊತೆಗೆ ಆ ಕೋಡನ್ನು ಹೊತ್ತು ತರುವ ರೇಡಿಯೊ ಅಲೆಯನ್ನೇ ಅಳೆಯುತ್ತದೆ. ಜಿಪಿಎಸ್‌ನ ಮುಖ್ಯ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಅದರ ಸಣ್ಣ ಭಾಗವನ್ನೂ ಓದಬಹುದಾದ್ದರಿಂದ ಅಳತೆ ಮಿಲಿಮೀಟರ್‌ಗಳಿಗೆ ಇಳಿಯುತ್ತದೆ.

ತೊಡಕು ಏನೆಂದರೆ, ಇದು ಮೀಟರ್ ಅಂಕಿಗಳು ಅಳಿಸಿಹೋದ ಟೇಪಿನಂತೆ. ಸಣ್ಣ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ, ಆದರೆ ಮೊದಲಿನಿಂದ ಎಷ್ಟು ಪೂರ್ತಿ ಅಲೆಗಳು ಬಂದವು ಎಂಬುದು ಗೊತ್ತಿಲ್ಲ. ಹಲವು ಉಪಗ್ರಹಗಳ ಅಳತೆಯನ್ನು ಬೇಸ್‌ನ ಅಳತೆಯೊಂದಿಗೆ ಹೋಲಿಸಿ ಆ ಪೂರ್ಣಾಂಕವನ್ನು ಕಂಡುಹಿಡಿಯಬೇಕು. ಓಡಾಡುತ್ತಲೇ ಇದನ್ನು ಮಾಡುವ ವಿಧಾನವೇ ಆರ್‌ಟಿಕೆ.

ಫೋನಿಗೇ ತಿದ್ದುಪಡಿ ಕೊಡಬಾರದೇ?

ಈ ಪ್ರಶ್ನೆಗೆ ಆಧಾರವಿದೆ. 2016ರ ಆಂಡ್ರಾಯ್ಡ್ 7ರಿಂದ ಫೋನಿನ ಕಚ್ಚಾ ಉಪಗ್ರಹ ಅಳತೆಗಳು ಆಪ್‌ಗಳಿಗೆ ಸಿಗುತ್ತಿವೆ. 2018ರಲ್ಲಿ ಬಂದ ಶಿಯೋಮಿಯ ಮಿ 8 ಎರಡು ತರಂಗಾಂತರಗಳನ್ನು ಕೇಳಬಲ್ಲ ಮೊದಲ ಫೋನಾಯಿತು. 2021ರಲ್ಲಿ ಗೂಗಲ್, ಫೋನಿನ ಅಳತೆಯನ್ನು ಡೆಸಿಮೀಟರ್ ಮಟ್ಟಕ್ಕೆ ತರುವ ಸ್ಪರ್ಧೆಯನ್ನೇ ನಡೆಸಿತು.

ಹಾಗಿದ್ದರೂ ಸಂಶೋಧಕರ ಮೇಜಿನ ಮೇಲೆ ಆದದ್ದು ನಮ್ಮ ಬದುವಿನ ಮೇಲೂ ಆಗುತ್ತದೆ ಎನ್ನಲಾಗದು. ಫೋನಿನ ಆಂಟೆನಾ ಬದಲಾಗಿಲ್ಲ. ಬ್ಯಾಟರಿ ಉಳಿಸಲು ಚಿಪ್ಪು ನಡುನಡುವೆ ಕಣ್ಣು ಮುಚ್ಚುತ್ತದೆ, ಅಲೆಗಳ ಎಣಿಕೆ ತಪ್ಪುತ್ತದೆ. ಡೆವಲಪರ್ ಆಯ್ಕೆಗಳಲ್ಲಿ ಇದನ್ನು ತಡೆಯುವ ಒಂದು ಸ್ವಿಚ್ಚಿದೆ, ಆದರೆ ಆಂಟೆನಾದ ಕೊರತೆಯನ್ನು ಅದು ತುಂಬುವುದಿಲ್ಲ. ಹಾಗಾಗಿ ಪ್ಲೇಸ್ಟೋರ್‌ನಿಂದ ಇಳಿಸಿಕೊಂಡ ಆಪ್ ಒಂದೇ ಹಳೆಯ ಫೋನನ್ನು ಸರ್ವೆ ಯಂತ್ರವಾಗಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

“ನ್ಯಾವಿಕ್ ಇರುವ ಫೋನು ಸೆಂಟಿಮೀಟರ್ ತೋರಿಸುತ್ತದೆ” ಎಂಬುದೂ ತಪ್ಪು. ನಮ್ಮ ಇಸ್ರೋದ ನ್ಯಾವಿಕ್ ಉಪಗ್ರಹಗಳು ಸೇರಿದರೆ ಆಕಾಶದಲ್ಲಿ ಲೆಕ್ಕಕ್ಕೆ ಸಿಗುವ ಉಪಗ್ರಹಗಳು ಹೆಚ್ಚುತ್ತವೆ, ಅದು ಲಾಭವೇ. ಆದರೆ ತಿದ್ದುಪಡಿ ಇಲ್ಲದೆ ಯಾವ ದೇಶದ ಉಪಗ್ರಹವೂ ಸಾಮಾನ್ಯ ಫೋನಿನಲ್ಲಿ ಸೆಂಟಿಮೀಟರ್ ಕೊಡದು. ವಿಮಾನಗಳಿಗಾಗಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆ ಉಪಗ್ರಹದ ಮೂಲಕವೇ ತಿದ್ದುಪಡಿ ಬಿತ್ತರಿಸುತ್ತದೆ. ಅದರಿಂದಲೂ ಸಿಗುವುದು ಮೀಟರ್‌ಗಳ ಲೆಕ್ಕದ ನಿಖರತೆ. ವಿಮಾನಕ್ಕೆ ಅದು ಸಾಕು, ಬದುವಿಗೆ ಸಾಲದು.

ನಿಜವಾಗಿ ಜೋಡಿಸುವುದು ಹೇಗೆ?

ತೋಟದ ನಕ್ಷೆ, ಹನಿ ನೀರಾವರಿ ಪೈಪಿನ ದಾರಿ, ಕೊಳವೆಬಾವಿಯ ಜಾಗ, ಕಾಲೇಜಿನ ಪ್ರಾಜೆಕ್ಟು ಹೀಗೆ ಹಲವು ಕೆಲಸಕ್ಕೆ ಇದನ್ನು ನಾವೇ ಬಳಸಬಹುದು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ನಂತರ, ನಿರ್ಬಂಧಿತ ಜಾಗಗಳನ್ನು ಬಿಟ್ಟು, ಭಾರತೀಯರು ಇಂಥ ಅಳತೆ ಮಾಡಲು ಮೊದಲೇ ಅನುಮತಿ ಪಡೆಯಬೇಕಿಲ್ಲ.

ಮೊದಲನೆಯದು, ರಿಸೀವರ್ ಮತ್ತು ಆಂಟೆನಾ. ಯು-ಬ್ಲಾಕ್ಸ್‌ನ ಜೆಡ್‌ಇಡಿ-ಎಫ್9ಪಿ ಯಂಥ ಚಿಪ್ಪುಗಳು ಬಂದ ಮೇಲೆ ಲಕ್ಷಗಳ ಬದಲು ಹತ್ತಾರು ಸಾವಿರ ರೂಪಾಯಿಯಲ್ಲಿ ಜೋಡಣೆ ಸಾಧ್ಯವಾಗಿದೆ. ಎರಡು ತರಂಗಾಂತರ ಹಿಡಿಯುವ ಆಂಟೆನಾವನ್ನೇ ಆರಿಸಿ. ಅದನ್ನು ಗುಂಡು ನೀರುಮಟ್ಟ ಇರುವ ಕೋಲಿನ ತುದಿಗೆ ಕೂರಿಸಿ.

ಎರಡನೆಯದು, ಫೋನು. ಇಲ್ಲಿ ಫೋನಿನ ಕೆಲಸ ಅಳೆಯುವುದಲ್ಲ. ಇಂಟರ್‌ನೆಟ್‌ನಿಂದ ತಿದ್ದುಪಡಿ ತಂದು ಬ್ಲೂಟೂತ್ ಮೂಲಕ ರಿಸೀವರ್‌ಗೆ ಕೊಡುವುದು, ರಿಸೀವರ್ ಹೇಳಿದ ಜಾಗವನ್ನು ನಕ್ಷೆಯಲ್ಲಿ ತೋರಿಸುವುದು, ಇಷ್ಟೇ. ನೇಪಾಳದ ಸಂಸ್ಥೆಯೊಂದು ರೂಪಿಸಿದ ಎಸ್‌ಡಬ್ಲ್ಯೂ ಮ್ಯಾಪ್ಸ್ ಎಂಬ ಆಪ್ ಈ ಎರಡೂ ಕೆಲಸ ಮಾಡುತ್ತದೆ.

ಮೂರನೆಯದು, ತಿದ್ದುಪಡಿಯ ಮೂಲ. ಸರ್ವೆ ಆಫ್ ಇಂಡಿಯಾ ಕರ್ನಾಟಕವೂ ಸೇರಿ ದೇಶದಲ್ಲಿ ಕಾರ್ಸ್ ಎಂಬ ಕಾಯಂ ಬೇಸ್ ಸ್ಟೇಷನ್‌ಗಳ ಜಾಲ ಕಟ್ಟಿದೆ. ಗ್ರಾಮಠಾಣಾ ಆಸ್ತಿಗಳನ್ನು ಡ್ರೋನ್‌ನಿಂದ ಅಳೆಯಲು 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯೂ ಇದೇ ಜಾಲವನ್ನು ನೆಚ್ಚಿಕೊಂಡಿದೆ. ಆ ಸೇವೆಯ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಲಾಗಿನ್ ಪಡೆಯಬೇಕು.

ನಾಲ್ಕನೆಯದು, ಸಂಪರ್ಕ. ತಿದ್ದುಪಡಿ ಬರುವ ಇಂಟರ್‌ನೆಟ್ ದಾರಿಗೆ ಎನ್‌ಟ್ರಿಪ್ ಎನ್ನುತ್ತಾರೆ. ಆಪ್‌ನ ಎನ್‌ಟ್ರಿಪ್ ಪುಟದಲ್ಲಿ ಐದು ಸಂಗತಿ ತುಂಬಬೇಕು: ಸರ್ವರ್ ವಿಳಾಸ, ಪೋರ್ಟ್ (ಸಾಮಾನ್ಯವಾಗಿ 2101), ಬಳಕೆದಾರ ಹೆಸರು, ಪಾಸ್‌ವರ್ಡ್, ಮೌಂಟ್‌ಪಾಯಿಂಟ್. ಮೌಂಟ್‌ಪಾಯಿಂಟ್ ಎಂದರೆ ರೇಡಿಯೊದಲ್ಲಿ ಸ್ಟೇಷನ್ ಆರಿಸಿದಂತೆ. ಹತ್ತಿರದ ಒಂದೇ ಬೇಸ್ ಆರಿಸಬಹುದು, ಅಥವಾ ಹಲವು ಬೇಸ್‌ಗಳಿಂದ ನಿಮ್ಮ ಜಾಗಕ್ಕೆಂದೇ ಲೆಕ್ಕ ಹಾಕಿದ ತಿದ್ದುಪಡಿ ಆರಿಸಬಹುದು. ಎರಡನೆಯದಾದರೆ ನೀವು ಎಲ್ಲಿದ್ದೀರಿ ಎಂದು ಸರ್ವರ್‌ಗೆ ತಿಳಿಯಬೇಕು. ಅದಕ್ಕಾಗಿ ಜಿಜಿಎ ಕಳಿಸುವ ಆಯ್ಕೆ ಆನ್ ಮಾಡಿ. ಎಲ್ಲ ಸರಿಯಿದ್ದೂ ತಿದ್ದುಪಡಿ ಬರುತ್ತಿಲ್ಲ ಎಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಐದನೆಯದು, ಬೇರೆ ನಕ್ಷೆ ಆಪ್‌ಗಳಿಗೂ ಈ ಜಾಗ ಬೇಕಿದ್ದರೆ, ಫೋನಿನ ಬಿಲ್ಡ್ ನಂಬರಿನ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆ ತೆರೆದು, ಮಾಕ್ ಲೊಕೇಶನ್ ಆಪ್ ಆಗಿ ಇದನ್ನು ಆರಿಸಿ. ಕೆಲಸ ಮುಗಿದ ಮೇಲೆ ತೆಗೆಯಲು ಮರೆಯಬೇಡಿ.

ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ತೆರೆಯ ಮೇಲೆ ಸ್ಥಿತಿ ಏನೆಂದು ನೋಡಿ. ಸಿಂಗಲ್ ಎಂದಿದ್ದರೆ ತಿದ್ದುಪಡಿ ಇನ್ನೂ ತಲುಪಿಲ್ಲ. ಫ್ಲೋಟ್ ಎಂದಿದ್ದರೆ ತಿದ್ದುಪಡಿ ಬರುತ್ತಿದೆ, ಅಲೆಗಳ ಪೂರ್ಣಾಂಕ ಇನ್ನೂ ಖಚಿತವಾಗಿಲ್ಲ. ಫಿಕ್ಸ್ ಎಂದು ಬಂದಾಗ ಮಾತ್ರ ಸೆಂಟಿಮೀಟರ್ ಮಾತಾಡಬಹುದು. ಕೆಲವು ಆಪ್‌ಗಳು ಹೆಸರಿನ ಬದಲು ಸಂಖ್ಯೆ ತೋರಿಸುತ್ತವೆ: 1 ಸಿಂಗಲ್, 5 ಫ್ಲೋಟ್, 4 ಫಿಕ್ಸ್. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಅದೇ ಒಳ್ಳೆಯದು ಎಂದುಕೊಳ್ಳಬೇಡಿ.

ಫಿಕ್ಸ್ ಬಂದರೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಲೆಕ್ಕದಲ್ಲಿ ತಪ್ಪು ಪೂರ್ಣಾಂಕ ಕೂತುಬಿಟ್ಟರೆ ಯಂತ್ರ ಧೈರ್ಯವಾಗಿ ಸುಳ್ಳು ಹೇಳುತ್ತದೆ. ಅದಕ್ಕೆ ಮದ್ದು ಮರು ಅಳತೆ. ರಿಸೀವರ್ ಆರಿಸಿ ಮತ್ತೆ ಹಚ್ಚಿ, ಅದೇ ಬಿಂದುವನ್ನು ಇನ್ನೊಮ್ಮೆ ಅಳೆಯಿರಿ. ಒಂದೆರಡು ಗಂಟೆ ಬಿಟ್ಟು, ಉಪಗ್ರಹಗಳು ಜಾಗ ಬದಲಿಸಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಮೂರೂ ಹೊಂದಿದರೆ ನಂಬಿಕೆ ಬರುತ್ತದೆ. ನಿಖರವಾಗಿ ಗೊತ್ತಿರುವ ಬಿಂದು ಹತ್ತಿರ ಇದ್ದರೆ ಕೆಲಸ ಅಲ್ಲಿಂದಲೇ ಶುರುಮಾಡಿ.

ಇನ್ನು ಸಣ್ಣದೆನಿಸುವ, ದೊಡ್ಡ ತಪ್ಪು ಮಾಡಿಸುವ ಸಂಗತಿಗಳು. 2 ಮೀಟರ್ ಕೋಲು ಒಂದೇ ಒಂದು ಡಿಗ್ರಿ ವಾಲಿದರೂ ತುದಿ ಮೂರೂವರೆ ಸೆಂಟಿಮೀಟರ್ ಆಚೆ ಹೋಗುತ್ತದೆ. ಬೇಸ್ ದೂರವಾದಷ್ಟೂ ಆಕಾಶ ಬೇರೆಯಾಗುತ್ತದೆ. ತಯಾರಕರ ಲೆಕ್ಕದಲ್ಲೇ ಪ್ರತಿ 10 ಕಿಲೋಮೀಟರ್‌ಗೆ ಸುಮಾರು ಒಂದು ಸೆಂಟಿಮೀಟರ್ ತಪ್ಪು ಸೇರುತ್ತದೆ. ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ ಏರುಪೇರು ನಮ್ಮ ಭಾಗದಲ್ಲಿ ಹೆಚ್ಚುವುದರಿಂದ ಸಂಜೆಯ ನಂತರ ಫಿಕ್ಸ್ ಕೈಕೊಡುವುದುಂಟು. ಅಡಿಕೆ, ತೆಂಗಿನ ತೋಟದೊಳಗೆ ಮರಗಳ ತಲೆ ಸಂಕೇತವನ್ನು ತಡೆಯುತ್ತದೆ. ಅಲ್ಲಿನ ಪ್ರತಿಫಲನ ನಿಮ್ಮ ಕೋಲಿನ ಬುಡದಲ್ಲೇ ಆಗುವುದರಿಂದ, ದೂರದ ಬೇಸ್ ಅದನ್ನು ತಿದ್ದಲಾರದು.

ಸ್ವಂತ ಬೇಸ್ ಇಡುವವರು ಒಂದು ಮಾತು ನೆನಪಿಡಬೇಕು. ಬೇಸ್ ಜಾಗವನ್ನು ಒಂದೆರಡು ಗಂಟೆಯ ಸರಾಸರಿಯಿಂದ ಹೊಂದಿಸಿದರೆ ಅದೇ ಒಂದೆರಡು ಮೀಟರ್ ತಪ್ಪಿರಬಹುದು. ಆಗ ಬಿಂದುಗಳ ನಡುವಿನ ಅಂತರ ಸೆಂಟಿಮೀಟರ್‌ಗೆ ಸರಿಯಿದ್ದರೂ ನಿಮ್ಮ ನಕ್ಷೆ ಪೂರ್ತಿಯಾಗಿ ಒಂದೆರಡು ಮೀಟರ್ ಪಕ್ಕಕ್ಕೆ ಕೂರುತ್ತದೆ. ನೋಡಲು ಚೆನ್ನಾಗಿರುತ್ತದೆ, ಜಾಗ ತಪ್ಪಿರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಗಡಿ ಗೊತ್ತಾಯಿತೇ?

ಇಲ್ಲ. ಹರಿದಾಡುವ ಸಂದೇಶಗಳು ಹೇಳದೆ ಬಿಡುವುದು ಇದನ್ನೇ.

ಗೆರೆಯ ಮೇಲೆ ಚುಕ್ಕೆ ಇಟ್ಟು ನೋಡುವಾಗ ತಪ್ಪು ಚುಕ್ಕೆಯಲ್ಲಿ ಮಾತ್ರ ಇರುವುದಿಲ್ಲ, ಗೆರೆಯಲ್ಲೂ ಇರುತ್ತದೆ. ಸರ್ಕಾರದ ದಿಶಾಂಕ್ ಆಪ್ ಇದ್ದಲ್ಲೇ ಸರ್ವೆ ನಂಬರು ತಿಳಿಯಲು ಬಹಳ ಉಪಯುಕ್ತ. ಆದರೆ ಅಂಥ ನಕ್ಷೆಗಳ ಮೂಲ ಹಳೆಯ ಗ್ರಾಮ ನಕ್ಷೆ. ಒಂದು ಮೈಲಿಗೆ 8 ಇಂಚು, ಅಂದರೆ 1:7920 ಪ್ರಮಾಣದಲ್ಲಿ ಬರೆದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಅಗಲ. ಗೆರೆಯ ದಪ್ಪವೇ ಅಷ್ಟು! ಕಾಗದ ಹಿಗ್ಗಿದ್ದು, ಕುಗ್ಗಿದ್ದು, ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಜರುಗಿದ್ದು ಇದಕ್ಕೆ ಸೇರುತ್ತವೆ. ಸೆಂಟಿಮೀಟರ್ ರೋವರ್ ಹಿಡಿದು ಆ ಗೆರೆಯೊಂದಿಗೆ ಹೋಲಿಸಿದರೂ ಉತ್ತರ ಮೀಟರ್‌ಗಳ ಲೆಕ್ಕದ್ದೇ.

ಹಳೆಯ ಸರ್ವೆಯಲ್ಲಿ ಜಮೀನನ್ನು ಅಳೆದದ್ದು ಅಕ್ಷಾಂಶ ರೇಖಾಂಶದಲ್ಲಿ ಅಲ್ಲ. 33 ಅಡಿಯ ಸರಪಳಿ ಹಿಡಿದು, ಅದನ್ನು 16 ಆಣೆಯಾಗಿ ಭಾಗಿಸಿ, ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಅಳೆದು ಟಿಪ್ಪಣಿಯಲ್ಲಿ ಬರೆದಿಟ್ಟರು. ನಿಮ್ಮ ಗಡಿ ಇರುವುದು ಆ ಅಳತೆಗಳಲ್ಲಿ, ಮೂಲ ಗಡಿ ಕಲ್ಲುಗಳಲ್ಲಿ, ಪೋಡಿ ಆಗಿದ್ದರೆ ಪೋಡಿ ನಕ್ಷೆಯಲ್ಲಿ. ಭೂಮಾಪಕರು ಈಗ ರೋವರ್ ಬಳಸಿದರೂ ಮೊದಲು ಹುಡುಕುವುದು ಹಳೆಯ ಕಲ್ಲುಗಳನ್ನೇ. ರೋವರ್ ಸರಪಳಿಯ ಜಾಗಕ್ಕೆ ಬಂದಿದೆ. ದಾಖಲೆಯ ಜಾಗಕ್ಕೆ ಬಂದಿಲ್ಲ.

ಇನ್ನೊಂದು ಸ್ವಾರಸ್ಯದ ಸಂಗತಿ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಜಾಗತಿಕ ಲೆಕ್ಕದಲ್ಲಿ 20 ವರ್ಷಕ್ಕೆ ನಿಮ್ಮ ಬದುವಿನ ಕಲ್ಲಿನ ಅಂಕಿ ಸುಮಾರು ಒಂದು ಮೀಟರ್ ಬದಲಾಗಿರುತ್ತದೆ. ಪಕ್ಕದವರ ಕಲ್ಲೂ ಅಷ್ಟೇ ಸರಿದಿರುವುದರಿಂದ ಜಗಳಕ್ಕೆ ಕಾರಣವಿಲ್ಲ. ಆದರೆ ಹಳೆಯ ಅಂಕಿ, ಹೊಸ ಅಂಕಿ ಹೋಲಿಸುವಾಗ ಎರಡೂ ಯಾವ ವರ್ಷದ, ಯಾವ ಲೆಕ್ಕದ್ದು ಎಂದು ಕೇಳಲೇಬೇಕು.

ಹಾಗಾದರೆ ಫೋನು ಯಾವುದಕ್ಕೆ ಆಗುತ್ತದೆ?

ಹೊಲದ ಅಂದಾಜು ವಿಸ್ತೀರ್ಣ ತಿಳಿಯಲು ಆಗುತ್ತದೆ. ಅಂಚಿನಲ್ಲಿ ನಡೆದು ಬರುವಾಗ ತಪ್ಪಿನ ಒಂದು ಪಾಲು ಎಲ್ಲ ಬಿಂದುಗಳಿಗೂ ಒಂದೇ ದಿಕ್ಕಿನಲ್ಲಿ ಇರುತ್ತದೆ. ಆಕಾರ ಹಾಗೇ ಪಕ್ಕಕ್ಕೆ ಸರಿಯುತ್ತದೆ, ವಿಸ್ತೀರ್ಣ ಅಷ್ಟಾಗಿ ಕೆಡುವುದಿಲ್ಲ. ಬೀಜ, ಗೊಬ್ಬರ, ಕೂಲಿಯ ಅಂದಾಜಿಗೆ ಸಾಕು. ಹೊಲ ದೊಡ್ಡದಾದಷ್ಟೂ ಅಂದಾಜು ಉತ್ತಮ. ನಾಲ್ಕೈದು ಗುಂಟೆಯ ತುಂಡಿಗೆ ಫೋನಿಗಿಂತ ಟೇಪೇ ಮೇಲು.

ಗಡಿಯ ಬಗ್ಗೆ ನಿಜವಾದ ಅನುಮಾನ ಇದ್ದರೆ ದಾರಿ ಹದ್ದುಬಸ್ತು ಅರ್ಜಿ. ಭೂಮಾಪನ ಇಲಾಖೆಯ ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಅವರ ಎದುರಿಗೇ ದಾಖಲೆ ಹಿಡಿದು ಅಳೆದು ಗಡಿ ಗುರುತಿಸುತ್ತಾರೆ. ಕಾಯಬೇಕಾಗುತ್ತದೆ, ನಿಜ. ಆದರೆ ಸ್ಕ್ರೀನ್‌ಶಾಟ್ ನಂಬಿ ಕಲ್ಲು ಕೀಳುವುದು, ಜರುಗಿಸುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ದಂಡಕ್ಕೆ ಗುರಿಯಾಗುವ ತಪ್ಪು. ಒಮ್ಮೆ ಮೂಲ ಕಲ್ಲು ಹೋದರೆ ಮುಂದೆ ಬರುವ ಭೂಮಾಪಕರಿಗೂ ಗಡಿ ಹುಡುಕುವುದು ಕಷ್ಟ. ನಿಮ್ಮ ಪರವಾಗಿ ಸಾಕ್ಷಿ ಹೇಳಬಹುದಾಗಿದ್ದ ಕಲ್ಲನ್ನು ನೀವೇ ಕಿತ್ತಂತಾಗುತ್ತದೆ.

ಹಂಚುವ ಮುನ್ನ

ಆ ಸಂದೇಶ ಮತ್ತೆ ಬಂದರೆ ಅದರ ಕೆಳಗೆ ಇಷ್ಟು ಬರೆಯಿರಿ:

ಫೋನಿನ ಚುಕ್ಕೆ 5 ಮೀಟರ್ ಆಚೀಚೆ ಇರಬಹುದು. ಸೆಂಟಿಮೀಟರ್ ಬೇಕಿದ್ದರೆ ಬೇರೆ ರಿಸೀವರ್, ತಿದ್ದುಪಡಿ, ಫಿಕ್ಸ್ ಮೂರೂ ಬೇಕು. ಆಪ್‌ನ ಗೆರೆಯೂ ಕೆಲವು ಮೀಟರ್ ತಪ್ಪಿರಬಹುದು. ಗಡಿ ತೀರ್ಮಾನ ಹದ್ದುಬಸ್ತಿನಿಂದ, ಫೋನಿನಿಂದಲ್ಲ. ಅಲ್ಲಿಯವರೆಗೆ ಕಲ್ಲು ಮುಟ್ಟಬೇಡಿ, ಪಕ್ಕದವರೊಂದಿಗೆ ಮಾತು ಬಿಡಬೇಡಿ.